ಅಳೆದು ಬಡಿಸಿದ ಅನ್ನ

ಲಿಂಗನಮಕ್ಕಿಯಲ್ಲಿ ಅಣೆಕಟ್ಟೆ ಕಟ್ಟುವ ಕಾಲಕ್ಕೆ ಸೀತಾರಾಮಪ್ಪ ಜಲ್ಲಿ ಒದಗಿಸುವ ಕಂತ್ರಾಟು ಹಿಡಿದು ವರ್ಷಗಟ್ಟಲೆ ಅಲ್ಲೇ ಇದ್ದ. ಹೋಗುವಾಗ ಗದ್ದೆ ಉಳುವ ಮೈ, ಪಕ್ಕೆಲುಬು ಎಣಿಸಬಹುದಿತ್ತು. ಕೆಲಸ ಮುಗಿದು ಹೊಸನಗರದ ಹತ್ತಿರದ ತನ್ನೂರಿಗೆ ಮರಳಿದ ದಿನ ಬಸ್ಸಿನ ಬಾಗಿಲಲ್ಲಿ ಅಡ್ಡ ತಿರುಗಿ ಇಳಿಯಬೇಕಾಯಿತು. ಅಲ್ಲಿ ಕುರ್ಚಿ ಮೇಲೆ ಕೂತು ಆಳುಗಳನ್ನು ಗದರಿಸುವುದೇ ದುಡಿಮೆ. ಹೊತ್ತು ಹೊತ್ತಿಗೆ ಹೋಟೆಲಿನ ಪೂರಿ, ಸಂಜೆಗೆ ಕೋಳಿ, ಮಧ್ಯೆ ಮಧ್ಯೆ ಸಕ್ಕರೆ ಸುರಿದ ಚಹಾ. ಊರವರು ಮೆಚ್ಚಿಕೊಂಡರು. ಮೈ ಬಂತು ಅಂದರೆ ಕೈಗೆ ಕಾಸೂ ಬಂತು ಅಂತಲೇ ಆಗಿನ ಕಾಲದ ತಿಳುವಳಿಕೆ. ಹೆಂಡತಿ ಮಾಸ್ತಮ್ಮನಿಗೂ ಒಳಗೊಳಗೆ ಹೆಮ್ಮೆಯೇ. ಗಂಡನ ಅಂಗಿಗೆ ಬಟ್ಟೆ ಸಾಲದು ಎಂದು ದರ್ಜಿ ಹೇಳಿದ್ದನ್ನು ಅವಳು ಬಾವಿಕಟ್ಟೆಯಲ್ಲಿ ನಾಲ್ಕು ಜನರಿಗೆ ಕೇಳುವ ಹಾಗೆ ಹೇಳಿಕೊಂಡಿದ್ದಳು.

ಆ ಮೈ ಒಳಗಿಂದ ಕೆಡುತ್ತಿದೆ ಎಂದು ಮೊದಲು ತಿಳಿದದ್ದು ಇರುವೆಗಳಿಗೆ. ಬಚ್ಚಲ ಹಿಂದೆ ಅವನು ಉಚ್ಚೆ ಹೊಯ್ದ ಜಾಗಕ್ಕೆ ಅವು ಸಾಲು ಹಿಡಿದು ಬರತೊಡಗಿದವು. ಆಮೇಲೆ ಅಂಗಾಲಿಗೆ ಒಂದು ಮುಳ್ಳು ಚುಚ್ಚಿತು. ಮುಳ್ಳು ತೆಗೆದರೂ ಗಾಯ ಮಾಯಲಿಲ್ಲ. ಸೊಪ್ಪಿನ ರಸ ಹಿಂಡಿದರು, ಸುಟ್ಟ ಅರಿಶಿನ ಹಚ್ಚಿದರು. ಗಾಯ ಬಾಯಿ ತೆರೆದೇ ಇತ್ತು. ಕಾಲು ಕಪ್ಪಾಗುತ್ತ ಬಂದಾಗ ಮಾಸ್ತಮ್ಮ ಗಂಡನನ್ನು ಸಾಗರಕ್ಕೆ ಕರೆದುಕೊಂಡು ಹೋದಳು.

ಸಾಗರದ ಡಾಕ್ಟರು ಕಾಲು ನೋಡಿದರು, ಉಚ್ಚೆಯನ್ನು ಗಾಜಿನ ನಳಿಗೆಯಲ್ಲಿ ಕಾಸಿ ಬಣ್ಣ ನೋಡಿದರು, ತೂಕದ ಯಂತ್ರದ ಮೇಲೆ ನಿಲ್ಲಿಸಿ ಅದರ ಮುಳ್ಳು ಎಲ್ಲಿಗೆ ಹೋಯಿತೆಂದು ನೋಡಿದರು.

"ಸೀತಾರಾಮಪ್ಪನವರೇ, ಈ ಕಾಲು ಬೇಕಾ ಬೇಡವಾ?"

"ಬೇಕು ಸ್ವಾಮಿ."

"ಹಾಗಾದರೆ ನಾಲಿಗೆ ಕಟ್ಟಬೇಕು."

ಆಮೇಲೆ ಅವರು ಮಾಸ್ತಮ್ಮನ ಕಡೆ ತಿರುಗಿದರು. "ನೋಡಿಯಮ್ಮ, ಅನ್ನಕ್ಕೆ, ಬೆಲ್ಲಕ್ಕೆ, ಎಣ್ಣೆಗೆ ಒಂದೊಂದು ಕಾವು ಇರುತ್ತೆ. ಆ ಕಾವನ್ನ ಅಳೆಯೋ ಲೆಕ್ಕಕ್ಕೆ ಕ್ಯಾಲೊರಿ ಅಂತಾರೆ. ಒಲೆಗೆ ಬೇಕಾದ್ದಕ್ಕಿಂತ ಜಾಸ್ತಿ ಸೌದೆ ತುರುಕಿದರೆ ಏನಾಗುತ್ತೆ? ಮನೆಯೆಲ್ಲ ಹೊಗೆ. ಇವರ ಮೈಯಲ್ಲಿ ಆಗಿರೋದೂ ಅದೇ. ಇವರು ಎಷ್ಟು ದುಡೀತಾರೋ ಅಷ್ಟೇ ಸೌದೆ ಹಾಕಿ." ಯಾವುದು ಎಷ್ಟು ಎಂದು ಅಚ್ಚಾಗಿದ್ದ ಒಂದು ಹಾಳೆ ಕೊಟ್ಟರು. ಸೀತಾರಾಮಪ್ಪ ಅದನ್ನು ಮಡಿಸಿ ಜೇಬಿಗಿಟ್ಟು ಮೆಟ್ಟು ಹಾಕಿಕೊಳ್ಳಲು ಹೊರಗೆ ಹೋದ. ಬಾಗಿಲಲ್ಲಿದ್ದ ಮಾಸ್ತಮ್ಮನಿಗೆ ಡಾಕ್ಟರು ಮತ್ತೆ ಹೇಳಿದರು: "ಇದು ಇವರ ಮೈ ನೋಡಿ ಹೇಳಿದ ಲೆಕ್ಕ ತಾಯಿ. ಇನ್ನೊಬ್ಬರಿಗೆ ಹಚ್ಚೋದಲ್ಲ." ಅವಳು ಹೂಂ ಅಂದಳು.

ಮನೆಗೆ ಬಂದ ಸೀತಾರಾಮಪ್ಪ ಒಂದು ತೆಂಗಿನ ಕರಟ ಆರಿಸಿ, ಅಂಚನ್ನು ಗಾಜಿನ ಚೂರಿನಿಂದ ಹೆರೆದು ಹೆರೆದು ಅಳತೆಗೆ ತಂದ. ಹೊತ್ತಿಗೆ ಒಂದು ಕರಟ ಅನ್ನ, ನೀರಾದ ಸಾರು, ಸೊಪ್ಪು ಬೇಕಾದಷ್ಟು, ಬೆಲ್ಲ ಇಲ್ಲ, ಎಣ್ಣೆ ಬೆರಳಿಗೆ ಅಂಟುವಷ್ಟು. ಕಂತ್ರಾಟಿನಲ್ಲಿ ಜಲ್ಲಿ ಅಳೆದು ಅಳೆದು ರೂಢಿಯಾದ ಕೈ, ಒಂದು ಅಗುಳೂ ಆ ಕಡೆ ಈ ಕಡೆ ಆಗದ ಹಾಗೆ ಕರಟದ ಬಾಯಿ ಸವರುತ್ತಿತ್ತು. ಮದುವೆಮನೆಗೆ ಹೋದರೂ ಚೀಲದಿಂದ ಕರಟ ತೆಗೆದು ಎಲೆಯ ಪಕ್ಕ ಇಟ್ಟುಕೊಳ್ಳುವವನು. ಬಡಿಸುವವರು ಬೆಪ್ಪಾಗಿ ನಿಲ್ಲುತ್ತಿದ್ದರು.

"ಎಂತದು ಮಾರಾಯ, ಬೇಡಕ್ಕೆ ಬಂದಿದೀಯ?" ಎಂದು ಪಕ್ಕದ ಮನೆಯ ಹೂವಪ್ಪ ಪಂಕ್ತಿಯಲ್ಲೇ ನಗಾಡಿದ.

"ನಗು ನೀನು. ನನ್ನ ಕಾಲು ನಿಂಗೆ ಇದ್ದಿದ್ರೆ ತಿಳೀತಿತ್ತು" ಎಂದ ಸೀತಾರಾಮಪ್ಪ.

ಗುಣ ಕಂಡಿತು, ಇಲ್ಲ ಅಂದರೆ ನಾಲಿಗೆ ಬಿದ್ದುಹೋದೀತು. ಮಳೆ ಹಿಡಿಯುವ ಮೊದಲೇ ಗಾಯ ಮುಚ್ಚಿತು. ಇರುವೆಗಳು ಬಚ್ಚಲ ದಾರಿ ಮರೆತವು. ಗೊರಕೆ ನಿಂತು ಮಾಸ್ತಮ್ಮನಿಗೆ ನಿದ್ದೆ ಸಿಕ್ಕಿತು. ಊರ ಹಿಂದಿನ ಗುಡ್ಡ ಹತ್ತಿ ಸೌದೆ ಹೊತ್ತು ತರುವ ಮಟ್ಟಿಗೆ ಮನುಷ್ಯ ಹಗುರಾದ. "ಅರ್ಧ ಸೀತಾರಾಮಪ್ಪ ಇಲ್ಲಿ ಹೋಗ್ತಾ ಇದಾನೆ, ಉಳಿದರ್ಧ ಎಲ್ಲಿ ಅಡವಿಟ್ಟು ಬಂದ್ಯೋ?" ಎಂದು ಅದೇ ಹೂವಪ್ಪ ಅಂದ. ಆ ನಗೆಯಲ್ಲಿ ಈಗ ಹೊಟ್ಟೆಕಿಚ್ಚೂ ಇತ್ತು. ಮಾಸ್ತಮ್ಮ ದೇವರ ಮುಂದೆ ದೀಪ ಹಚ್ಚುವಾಗ ಡಾಕ್ಟರ ಹೆಸರನ್ನೂ ಸೇರಿಸಿ ಕೈ ಮುಗಿಯುತ್ತಿದ್ದಳು.

ಆದರೆ ಒಂದು ಔಷಧಿ ಹತ್ತಿತು ಅಂದರೆ ಮನುಷ್ಯ ಅದನ್ನು ಕೊಟ್ಟಿಗೆಯ ದನಕ್ಕೂ ಕುಡಿಸಿ ನೋಡುತ್ತಾನೆ. ಸೀತಾರಾಮಪ್ಪನ ಕಣ್ಣು ತನ್ನ ಎಲೆಯಿಂದ ಬೇರೆಯವರ ಎಲೆಗೆ ಹೋಗತೊಡಗಿತು. ಯಾರು ಎರಡನೇ ಸಲ ಹಾಕಿಸಿಕೊಂಡರು, ಯಾರು ತುಪ್ಪಕ್ಕೆ ಕೈ ಚಾಚಿದರು, ಎಲ್ಲ ಅವನಿಗೆ ಬೇಕು. ಹೀಗಿರುವಾಗ ಸೊಸೆ ಹುಲಿಗೆಮ್ಮನಿಗೆ ದಿನ ನಿಂತಿತು.

ಹುಲಿಗೆಮ್ಮ ನಿಟ್ಟೂರಿನ ಕಡೆಯ ಹುಡುಗಿ. ಗಂಡ ಶೇಷಪ್ಪ ತೀರ್ಥಹಳ್ಳಿಗೆ ಹೋಗಿ ಬರುವ ಬಸ್ಸಿನಲ್ಲಿ ಕಂಡಕ್ಟರು. ವಾರಕ್ಕೊಮ್ಮೆ ಮನೆಗೆ ಬಂದರೆ ಬಂದ. ಹುಡುಗಿ ಗಟ್ಟಿಗಿತ್ತಿ, ದುಡಿದು ಉಣ್ಣುವವಳು. ಬಸುರಿಯಾದ ಮೇಲೆ ಅವಳ ಹಸಿವು ಇನ್ನೂ ಜೋರಾಯಿತು. ಐದು ತುಂಬಿ ಆರಕ್ಕೆ ಬೀಳುವಾಗ ಪಾದ ಕೊಂಚ ಊದಿದವು. ಅದು ಮಾವನ ಕಣ್ಣಿಗೆ ಬಿತ್ತು.

"ಮಾಸ್ತೀ, ಹುಡುಗಿ ಕಾಲು ನೋಡಿದ್ಯಾ? ಹಿಂಗೇ ಬಿಟ್ರೆ ಹಾಲಮ್ಮನ ಕತೆನೇ."

ಆ ಒಂದು ಹೆಸರು ಸಾಕಾಯಿತು. ಮಾಸ್ತಮ್ಮನ ಕೈಲಿದ್ದ ಸೌಟು ಅಲ್ಲೇ ನಿಂತಿತು.

ಹಾಲಮ್ಮ ಅವರ ಹಿರಿಯ ಮಗಳು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಅಪ್ಪ ಅಣೆಕಟ್ಟೆಯಲ್ಲಿ, ಮನೆಯಲ್ಲಿ ಹೆಂಗಸರೆಂದರೆ ತಾಯಿ ಮಗಳು ಇಬ್ಬರೇ. ಕೈಯಲ್ಲಿ ನಾಲ್ಕು ಕಾಸು ಆಡುತ್ತಿದ್ದ ಕಾಲ. ತಾನು ಬಸುರಿಯಾಗಿದ್ದಾಗ ಅಂಬಲಿ ಕುಡಿದು ನಾಟಿ ನೆಟ್ಟದ್ದು ಮಾಸ್ತಮ್ಮನಿಗೆ ಮರೆತಿರಲಿಲ್ಲ. ಮಗಳಿಗೆ ಆ ಗತಿ ಬೇಡ ಎಂದು ಕಜ್ಜಾಯ, ಕೋಳಿಸಾರು, ತುಪ್ಪ ಅಂತ ಬಾಯಿಗೆ ಬಿಡುವು ಕೊಡದೆ ತಿನ್ನಿಸಿದಳು. ನೋವು ಕಾಣಿಸಿಕೊಂಡು ಎರಡು ಹಗಲಾದರೂ ಮಗು ಹೊರಗೆ ಬರಲಿಲ್ಲ. ಗಾಡಿ ಕಟ್ಟಿ ತೀರ್ಥಹಳ್ಳಿಯ ಆಸ್ಪತ್ರೆಗೆ ಹೊರಟರು. ಅರ್ಧ ದಾರಿಯಲ್ಲಿ ಎತ್ತುಗಳನ್ನು ಹಿಂದಕ್ಕೆ ತಿರುಗಿಸಬೇಕಾಯಿತು. ಜೊತೆಗಿದ್ದ ಸೂಲಗಿತ್ತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಅಂದಳು: "ಕೂಸು ಕುಂಬಳಕಾಯಿ ಹಂಗಿತ್ತು ಅಮ್ಮಾ. ತಿನ್ಸಿ ತಿನ್ಸಿ ಬೆಳೆಸಿಟ್ರಿ."

ಸೂಲಗಿತ್ತಿ ಆ ಮಾತನ್ನು ಆಡಿ ಮರೆತಳು. ಮಾಸ್ತಮ್ಮನಿಗೆ ಅದು ಪಕ್ಕೆಯಲ್ಲಿ ಮುರಿದುಕೊಂಡ ಮುಳ್ಳು.

ಆದ್ದರಿಂದ ಗಂಡ ಇನ್ನೊಂದು ಕರಟ ಹೆರೆದು ಸೊಸೆಯ ತಟ್ಟೆಯ ಪಕ್ಕ ಇಟ್ಟಾಗ ಅವಳು ಬೇಡ ಅನ್ನಲಿಲ್ಲ. ಒಂದೇ ಒಂದು ಸಲ ಕೇಳಿದಳು: "ಡಾಕ್ಟ್ರು ಬೇರೆಯವ್ರಿಗೆ ಹಚ್ಚಬೇಡಿ ಅಂದಿದ್ರಲ್ಲ. ಸಾಗರಕ್ಕೆ ಹೋಗಿ ಒಂದ್ ಮಾತು ಕೇಳನಾ?"

"ಎಂತ ಕೇಳದು? ಹೊಟ್ಟೆ ಎಲ್ಲರದೂ ಒಂದೇ, ಒಲೆನೂ ಒಂದೇ. ನಂಗೆ ಗುಣ ಆಗಿದ್ದು ನೀನೇ ನೋಡಿದೀಯಲ್ಲ. ಮಗು ಸಣ್ಣಕಿದ್ರೆ ಸಲೀಸಾಗಿ ಬರ್ತದೆ. ಹುಟ್ಟಿದ ಮೇಲೆ ದಪ್ಪ ಮಾಡ್ಕಂಡ್ರಾತು. ಹುಡುಗಿ ಬೇಕಾ ಬೇಡ್ವಾ ನಿಂಗೆ?"

ಡಾಕ್ಟರು ಕೇಳಿದ ಮಾತೇ ಇವನ ಬಾಯಲ್ಲೂ ಬಂದಿತ್ತು. ಬೇಕು, ಹುಡುಗಿ ಬೇಕು. ಅದಕ್ಕಿಂತ ಹೆಚ್ಚಿನದು ಮಾಸ್ತಮ್ಮನಿಗೆ ಆ ವರ್ಷ ಬೇರೇನೂ ಬೇಕಿರಲಿಲ್ಲ. ಸೊಸೆ ಹೆತ್ತು ಎದ್ದು ಕೂರುವುದನ್ನು ಒಮ್ಮೆ ಕಣ್ಣಿಂದ ನೋಡಬೇಕು, ಅಷ್ಟೆ. ಅವಳು ಸೌಟು ಕೆಳಗಿಟ್ಟು ಕರಟ ಎತ್ತಿಕೊಂಡಳು.

ಹುಲಿಗೆಮ್ಮ ಮೊದಲು ನಕ್ಕಳು. "ಎಂತ ಅತ್ತೆ, ನಂಗೂ ಸಕ್ಕರೆ ಕಾಯ್ಲೆ ಬಂತಾ?" ಆಮೇಲೆ ಬೇಡಿದಳು. ಆಮೇಲೆ ಬೇಡುವುದನ್ನೂ ಬಿಟ್ಟಳು. ಉಂಡು ಎದ್ದ ಮೇಲೂ ತಟ್ಟೆಯ ಅಂಚಿನಲ್ಲಿ ಬೆರಳಾಡಿಸುತ್ತ ಕೂರುವಳು. ಶೇಷಪ್ಪ ಬಂದಾಗ ತೀರ್ಥಹಳ್ಳಿಯಿಂದ ಮಂಡಕ್ಕಿ, ಹುರಿಗಡಲೆ ಕಟ್ಟಿಸಿಕೊಂಡು ಬರುತ್ತಿದ್ದ. ಒಮ್ಮೆ ಅದು ಅಪ್ಪನ ಕೈಗೆ ಸಿಕ್ಕಿತು. "ನಿನ್ನ ಅಕ್ಕನ್ನ ಹೊತ್ತು ಹಾಕಿದ್ದು ನೆನಪಿದ್ಯನಾ?" ಎಂದು ಅಪ್ಪ ಕೇಳಿದ ಮೇಲೆ ಅವನೂ ಹೆದರಿಕೊಂಡ. "ಅಪ್ಪ ಹೇಳ್ದಂಗೆ ಕೇಳು, ಇನ್ನೇನು ಸ್ವಲ್ಪ ದಿನ" ಎಂದು ಹೆಂಡತಿಗೆ ಹೇಳಿ ಬಸ್ಸು ಹತ್ತಿದ.

ಒಂದು ಮಧ್ಯಾಹ್ನ ಮಾಸ್ತಮ್ಮ ಅನ್ನ ಬಸಿಯುತ್ತಿದ್ದಳು. ಹುಲಿಗೆಮ್ಮ ಬಂದು ಪಕ್ಕದಲ್ಲಿ ಕೂತಳು.

"ಅತ್ತೇ, ತಿಳಿಯಾದ್ರೂ ಕೊಡ್ತ್ರಾ? ಒಂದ್ ಲೋಟ."

"ಅದ್ರಲ್ಲೂ ಕಾವು ಇದ್ಯಂತೆ ಮಗಾ. ನಿನ್ನ ಮಾವ ಹೇಳ್ತಾರೆ."

"ನೀರಲ್ವಾ ಅತ್ತೆ?"

"ಅಕ್ಕಿ ಬೆಂದ ನೀರು."

ಬಸಿದ ತಿಳಿಯನ್ನು ಮಾಸ್ತಮ್ಮ ಕೊಟ್ಟಿಗೆಗೆ ಒಯ್ದು ಗಬ್ಬದ ಹಸುವಿನ ಬಾನಿಗೆ ಸುರಿದಳು. ಹಸು ಸೊರಸೊರನೆ ಹೀರಿತು. ತಿರುಗಿ ನೋಡಿದರೆ ಹುಲಿಗೆಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಹಸುವನ್ನೇ ನೋಡುತ್ತಿದ್ದಳು. ಅವಳ ಗಂಟಲು ಹಸುವಿನ ಗಂಟಲಿನ ಜೊತೆಗೇ ಏರಿ ಇಳಿಯುತ್ತಿತ್ತು. ಮಾಸ್ತಮ್ಮ ಕಣ್ಣು ಬೇರೆ ಕಡೆ ಮಾಡಿದಳು. ಹೊಟ್ಟೆ ಉರಿಯಲಿ, ಜೀವ ಉಳಿಯಲಿ ಎಂದು ತನಗೆ ತಾನೇ ಹೇಳಿಕೊಂಡಳು.

ಇಷ್ಟರಲ್ಲಿ ಭೂಮಿ ಹುಣ್ಣಿಮೆ ಬಂತು. ಗದ್ದೆಯಲ್ಲಿ ಭತ್ತ ಹೊಡೆಗೆ ಬಂದು ಭೂಮಿತಾಯಿ ಬಸುರಿ ಎನ್ನುವ ಹೊತ್ತು. ಅವಳ ಬಯಕೆ ತೀರಿಸುವುದೇ ಹಬ್ಬ. ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆದ ಬುಟ್ಟಿ ತುಂಬ ಅಡುಗೆ ಆಗಬೇಕು. ಕೊಟ್ಟೆ ಕಡುಬು, ಚೀನಿಕಾಯಿ ಗಟ್ಟಿ, ಹೋಳಿಗೆ, ಮೊಸರನ್ನದ ಬುತ್ತಿ, ಅಮಟೆಕಾಯಿ ಗೊಜ್ಜು, ನೂರು ಬಗೆ ಸೊಪ್ಪು ಕೂಡಿಸಿದ ಪಲ್ಯ. ಹುಲಿಗೆಮ್ಮ ಅತ್ತೆಯ ಜೊತೆ ಕೂತು ಅರೆದಳು, ಕಟ್ಟಿದಳು, ಬೇಯಿಸಿದಳು. ಗದ್ದೆಗೆ ಎಡೆ ಆಗುವವರೆಗೆ ಬಾಯಿಗೆ ಹಾಕುವ ಹಾಗಿಲ್ಲ. ಭೂಮಿತಾಯಿಯ ಎಡೆಯನ್ನಂತೂ ಮನುಷ್ಯರು ಮುಟ್ಟುವಂತೆಯೇ ಇಲ್ಲ. ಮುಟ್ಟಿ ತಿಂದವಳ ಬಸಿರು ನಿಲ್ಲುವುದಿಲ್ಲ ಎಂದು ಸೀತಾರಾಮಪ್ಪನ ತಾಯಿ ಬದುಕಿದ್ದಷ್ಟು ಕಾಲ ಹೇಳುತ್ತಿದ್ದಳು. ಆ ಮನೆಗೆ ಸೊಸೆಯಾಗಿ ಬಂದವರಿಗೆಲ್ಲ ಮೊದಲು ಕಲಿಸುತ್ತಿದ್ದ ಪಾಠ ಅದು.

ಬೆಳಗಾಗುತ್ತ ಸೀತಾರಾಮಪ್ಪ ಬುಟ್ಟಿ ಹೊತ್ತು ಮುಂದೆ ನಡೆದ. ಒಂದು ಕಾಲದಲ್ಲಿ ಬರಿಗೈಯಲ್ಲಿ ಆ ಬದು ದಾಟುವಾಗ ಏದುಸಿರು ಬಿಡುತ್ತಿದ್ದವನು ಈಗ ತುಂಬಿದ ಬುಟ್ಟಿಯ ಕೆಳಗೆ ಹುಡುಗನ ಹಾಗೆ ನಡೆದ. ಗದ್ದೆಯಲ್ಲಿ ತೆನೆಗೆ ಪೂಜೆಯಾಯಿತು. ಭೂಮಿತಾಯಿಗೊಂದು, ಕಾಗೆಗೊಂದು, ಇಲಿಗೊಂದು ಎಂದು ಎಲೆಗಳ ಮೇಲೆ ಎಡೆ ಇಟ್ಟರು. "ಹಾಕೇ, ಹಾಕು, ಬಸುರಿ ಹೊಟ್ಟೆ, ಕೈ ಹಿಡಿಬ್ಯಾಡ" ಎಂದು ಸೀತಾರಾಮಪ್ಪ ಹೇಳುತ್ತಲೇ ಇದ್ದ. ಮಾಸ್ತಮ್ಮ ಹಾಕುತ್ತಲೇ ಇದ್ದಳು. ಆಮೇಲೆ ಬದುವಿನ ಮೇಲೆ ಮನೆಯವರ ಊಟ. ಅವನು ತನ್ನ ಕರಟ ತೆಗೆದ. ಸೊಸೆಯದನ್ನೂ ತೆಗೆದ. ಹಬ್ಬ ಎಂದು ಅರ್ಧ ಕಡುಬು ಮೇಲಿಂದ ಬಿತ್ತು. ಹುಲಿಗೆಮ್ಮ ತಲೆ ತಗ್ಗಿಸಿ ಉಂಡಳು. ಎದ್ದು ಹೊರಟಾಗ ಮಾತ್ರ ಒಂದು ಸಲ ಹಿಂದಕ್ಕೆ ನೋಡಿದಳು.

ಬಿಸಿಲು ಏರಿದ ಮೇಲೆ ಮಾಸ್ತಮ್ಮ ಹಸುವಿಗೆ ಹುಲ್ಲು ಕೊಯ್ಯಲು ಗದ್ದೆಯ ಕಡೆ ಬಂದಳು. ಬದುವಿನ ತಿರುವಿನಲ್ಲಿ ಕಾಗೆಯೊಂದು ಕಿರುಚುತ್ತಿತ್ತು. ಭತ್ತದ ನಡುವೆ ಯಾರೋ ಕುಕ್ಕರಗಾಲಲ್ಲಿ ಕೂತಿದ್ದರು. ಸೆರಗು ಗುರುತು ಹತ್ತಿತು. ಹುಲಿಗೆಮ್ಮ. ಭೂಮಿತಾಯಿಯ ಎಡೆ ಅವಳ ಮಡಿಲಲ್ಲಿತ್ತು. ಎರಡೂ ಕೈಯಲ್ಲಿ ತಿನ್ನುತ್ತಿದ್ದಳು. ಗಟ್ಟಿ, ಹೋಳಿಗೆ, ಬುತ್ತಿ, ಗೊಜ್ಜು, ಯಾವುದರ ಮೇಲೆ ಯಾವುದು ಎಂದು ನೋಡದೆ. ಕಾಗೆ ಮತ್ತೆ ಕಿರುಚಿದಾಗ, "ತಗಾ ಮಾರಾಯ, ನಿನ್ನ ಪಾಲು ನಿಂಗೆ" ಎಂದು ಕಾಗೆಯ ಎಲೆಯನ್ನು ಅದರ ಕಡೆಗೆ ನೂಕಿದಳು. ಇಲಿಯ ಎಲೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

ಮಾಸ್ತಮ್ಮ ಕತ್ತಿಯನ್ನು ಹುಲ್ಲಿನ ಮೇಲೆ ಇಟ್ಟಳು. ಕೂಗಬೇಕು ಅನಿಸಿತು, ಕೂಗಲಿಲ್ಲ. ಓಡಿ ಹೋಗಿ ಎಲೆ ಕಿತ್ತುಕೊಳ್ಳಬೇಕು ಅನಿಸಿತು, ಹೋಗಲಿಲ್ಲ. ಪಾಪದ ಭಯ ಒಂದು ಕಡೆ. ಆ ಹುಡುಗಿಯ ಕೆನ್ನೆ ತುಂಬಿದ್ದನ್ನು ನೋಡಿ ಎಷ್ಟು ದಿನವಾಯಿತು ಎಂಬುದು ಇನ್ನೊಂದು ಕಡೆ. ಯಾರಾದರೂ ಬಂದರೆ ಕೆಮ್ಮಿ ಎಚ್ಚರಿಸೋಣ ಎಂದು ಅಲ್ಲೇ ಬದುವಿನ ಮರೆಗೆ ಕೂತಳು. ಯಾರೂ ಬರಲಿಲ್ಲ.

ಸಂಜೆ ಹುಲಿಗೆಮ್ಮನಿಗೆ ಹೊಟ್ಟೆ ಹಿಂಡಿತು. ಒಣಗಿದ ಕರುಳಿಗೆ ಅಷ್ಟೊಂದು ಬಿದ್ದರೆ ಸುಮ್ಮನಿರುತ್ತದೆಯೇ? ಅಂಗಳಕ್ಕೆ ಓಡುವ ಮೊದಲೇ ಜಗಲಿಯಲ್ಲಿ ಎಲ್ಲ ಹೊರಬಂತು. ಚೀನಿಕಾಯಿಯ ಹಳದಿ, ಹೋಳಿಗೆಯ ಹೂರಣ, ಗುರುತು ಹಿಡಿಯಲು ಕಷ್ಟವಿರಲಿಲ್ಲ. ಸೀತಾರಾಮಪ್ಪ ಕಂಬ ಹಿಡಿದು ನಿಂತು ನೋಡಿದ.

"ಇದು ಕರಟದ್ದಲ್ಲ. ಯಾರು ಹಾಕಿದ್ದು ಇಷ್ಟೊಂದು?"

ಹುಲಿಗೆಮ್ಮ ಮಂಡಿಯೂರಿದಲ್ಲಿಂದಲೇ ಅತ್ತೆಯ ಮುಖ ನೋಡಿದಳು. ಅತ್ತೆಗೆ ಗೊತ್ತಿದೆ ಎಂದು ಅವಳಿಗೆ ಆಗ ತಿಳಿಯಿತು. ಗೊತ್ತಿದ್ದದ್ದನ್ನು ಅತ್ತೆ ಹೇಳಿಬಿಟ್ಟರೆ ತನ್ನ ಗತಿ ಏನೆಂದೂ ತಿಳಿಯಿತು.

"ನಾನೇ ಹಾಕ್ದೆ" ಎಂದಳು ಮಾಸ್ತಮ್ಮ. "ಹಬ್ಬ ಅಲ್ವಾ ಅಂತ."

ಸೀತಾರಾಮಪ್ಪ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಅಂದ: "ಹಾಲಮ್ಮನ್ನ ತಿಂದಿದ್ದು ಸಾಲ್ದಾ ನಿನ್ನ ಕೈಗೆ?"

ಅಂದಿನಿಂದ ಸೊಸೆಗೆ ಅನ್ನ ಬಡಿಸುವ ಕೆಲಸ ಅವನೇ ವಹಿಸಿಕೊಂಡ. ಉಗ್ರಾಣದ ಬೀಗದ ಕೈ ಅವನ ಉಡಿದಾರಕ್ಕೆ ಹೋಯಿತು. ಮರುದಿನ ಗದ್ದೆಗೆ ಹೋಗಿ ಬಂದವನು ಮಾತ್ರ ಬಲು ಗೆಲುವಾಗಿದ್ದ. ಅಂಗಳದಲ್ಲಿ ಅಡಕೆ ಅಗಿಯುತ್ತ ಕೂತಿದ್ದ ಹೂವಪ್ಪನಿಗೆ ಹೇಳಿದ: "ಈ ವರ್ಷ ನಮ್ಮ ಭೂಮ್ತಾಯಿ ಒಂದು ಅಗುಳು ಬಿಡದೆ ಉಂಡಿದಾಳೆ ಮಾರಾಯ. ಎಲೆ ತೊಳೆದಿಟ್ಟಂಗಿದೆ."

"ಪುಣ್ಯವಂತ ಕಣಾ ನೀನು" ಎಂದ ಹೂವಪ್ಪ. ಒಳಗೆ ಹುಲಿಗೆಮ್ಮ ಬಾಯಿಗೆ ಸೆರಗು ತುರುಕಿಕೊಂಡಳು. ನಗುವೋ ಅಳುವೋ ಮಾಸ್ತಮ್ಮನಿಗೆ ತಿಳಿಯಲಿಲ್ಲ.

ಬಯಕೆಯ ಊಟ ಹೊತ್ತುಕೊಂಡು ನಿಟ್ಟೂರಿನಿಂದ ಹುಲಿಗೆಮ್ಮನ ತಾಯಿ ಕೆರಿಯಮ್ಮ ಬಂದಳು. ಸೀತಾರಾಮಪ್ಪ ಸೀರೆ, ಹೂವು, ಬಳೆ ತೆಗೆದುಕೊಂಡು ಕಜ್ಜಾಯದ ಬುಟ್ಟಿಯನ್ನು ಕೇರಿಗೆ ಹಂಚಿಸಿದ. ಮಗಳ ತೋಳು ಮುಟ್ಟಿ ನೋಡಿದ ಕೆರಿಯಮ್ಮ, "ಎಂತ ಬೀಗ್ತಿ, ಹುಡುಗಿ ಹೊಟ್ಟೆ ಮಾತ್ರ ಇದೆ, ಹುಡುಗಿನೇ ಕಾಣ್ಸದಿಲ್ಲಲ್ಲ" ಎಂದಳು. ಮಾಸ್ತಮ್ಮನ ಬದಲು ಸೀತಾರಾಮಪ್ಪನೇ ಉತ್ತರ ಕೊಟ್ಟ: "ಡಾಕ್ಟ್ರ ಲೆಕ್ಕ ಅದು. ಹೆರಿಗೆ ಸಲೀಸಾಗ್ತದೆ." ಡಾಕ್ಟರು ಎಂದ ಮೇಲೆ ಓದು ಬರಹ ಇಲ್ಲದ ಹೆಂಗಸು ಏನು ಹೇಳಿಯಾಳು? ಕರೆದುಕೊಂಡು ಹೋಗುತ್ತೇನೆ ಎಂದಳು. ಅವನು ಇನ್ನೊಂದು ತಿಂಗಳು ಕಳೆಯಲಿ ಎಂದ. ಅಲ್ಲಿ ತಿನ್ನಿಸಿಬಿಡುತ್ತಾರೆ ಎಂಬ ಹೆದರಿಕೆ ಅವನಿಗೆ.

ತಿಂಗಳಾದ ಮೇಲೆ ಶೇಷಪ್ಪ ಹೆಂಡತಿಯನ್ನು ನಿಟ್ಟೂರಿಗೆ ಬಿಟ್ಟು ಬಂದ. ಅವನು ಬಂದ ಹಿಂದೆಯೇ ಸುದ್ದಿಯೂ ಬಂತು. ದಿನ ತುಂಬುವ ಮೊದಲೇ ಹೆರಿಗೆ ಆಗಿತ್ತು. ಹೆಣ್ಣು ಮಗು. ನೋವು ಬಂದದ್ದೇ ತಿಳಿಯದಷ್ಟು ಸುಲಭವಾಗಿ ಹುಟ್ಟಿತಂತೆ. ಬೆಕ್ಕಿನ ಮರಿಯ ಹಾಗಿತ್ತಂತೆ. ಹತ್ತಿಯಲ್ಲಿ ಸುತ್ತಿಟ್ಟಿದ್ದರಂತೆ. ಮೊಲೆ ಚೀಪುವಷ್ಟು ಉಸಿರು ಅದಕ್ಕಿರಲಿಲ್ಲ. ಮಾಸ್ತಮ್ಮ ಗಂಟು ಕಟ್ಟಿ ಹೊರಡುವ ಮೊದಲೇ ಎರಡನೇ ಸುದ್ದಿ ಬಂತು. ಮಗು ಹೋಗಿತ್ತು.

ಸೀತಾರಾಮಪ್ಪ ಜಗಲಿಯಲ್ಲಿ ತಲೆ ಹಿಡಿದುಕೊಂಡು ಕೂತ. ಅವನಿಗೂ ನೋವಾಗಿತ್ತು, ಸುಳ್ಳಲ್ಲ. ಆಮೇಲೆ ತಲೆ ಎತ್ತಿ ಅಂದ: "ತಾಯಿ ಉಳಿದ್ಳಲ್ಲ ಮಾಸ್ತಿ. ಹಾಲಮ್ಮ ಉಳೀಲಿಲ್ಲ, ಇವ್ಳು ಉಳಿದ್ಳು. ಲೆಕ್ಕ ತಪ್ಪಲಿಲ್ಲ ನೋಡು."

ಮಾಸ್ತಮ್ಮ ಗಂಡನ ಮುಖ ನೋಡಿದಳು. ಸೊರಗಿಲ್ಲ, ಊದಿಲ್ಲ, ಆರೋಗ್ಯದ ಮುಖ. ಅವನು ಹೇಳುವುದು ಸುಳ್ಳೆಂದು ಎದೆಗೆ ಗೊತ್ತಿತ್ತು. ಆದರೆ ಲೆಕ್ಕ ಮಾಡಿದರೆ ಎರಡೂ ಕಡೆ ಒಂದೇ. ತಿನ್ನಿಸಿದರೂ ಒಂದು ಹೆಣ, ತಿನ್ನಿಸದಿದ್ದರೂ ಒಂದು ಹೆಣ.

ಸೂತಕ ಕಳೆದ ಮೇಲೆ ಅವಳು ಒಬ್ಬಳೇ ನಿಟ್ಟೂರಿಗೆ ಹೋದಳು. ಕೆರಿಯಮ್ಮ ಕಾಲಿಗೆ ನೀರು ಕೊಟ್ಟು ಒಳಗೆ ಕರೆದಳು. ಬಾಣಂತಿ ಕೋಣೆ ಅಂತ ಬೇರೆ ಇರಲಿಲ್ಲ. ನಡುಮನೆಯಲ್ಲೇ ಚಾಪೆಯ ಮೇಲೆ ಹುಲಿಗೆಮ್ಮ ಮಲಗಿದ್ದಳು. ಎದೆಗೆ ಬಿಗಿಯಾಗಿ ಬಟ್ಟೆ ಕಟ್ಟಿದ್ದರು. ಕಟ್ಟಿದ ಬಟ್ಟೆ ಎರಡು ಕಡೆ ಒದ್ದೆಯಾಗಿತ್ತು. ಮಗುವಿಗೆ ಸಿಗದ ಹಾಲು ಈಗ ಯಾರೂ ಕೇಳದೆ ಬರುತ್ತಿತ್ತು.

ಬೀಗಿತ್ತಿ ಬಂದ ಮೇಲೆ ಉಣ್ಣಿಸದೆ ಕಳಿಸುವುದು ಯಾವ ಮನೆಗೂ ಒಪ್ಪುವ ಮಾತಲ್ಲ, ಎಂಥ ದುಃಖದಲ್ಲೂ. ಕೆರಿಯಮ್ಮ ಹುಲಿಗೆಮ್ಮನ ಚಾಪೆಯ ಪಕ್ಕದಲ್ಲೇ ಎಲೆ ಹಾಕಿ, ಅನ್ನ ಸಾರು ಬಡಿಸಿ ಒಳಗೆ ಹೋದಳು. ಮಾಸ್ತಮ್ಮ ಮೊದಲ ತುತ್ತು ಎತ್ತಿದ್ದಳು.

"ಅತ್ತೇ" ಎಂದಳು ಹುಲಿಗೆಮ್ಮ. ಧ್ವನಿ ನೆಲದಿಂದ ಬಂದ ಹಾಗಿತ್ತು. "ನಾ ಭೂಮ್ತಾಯಿ ಎಡೆ ತಿಂದಿದ್ದು ನೀವು ನೋಡಿದ್ರಿ ಅಲ್ದಾ?"

"ಹೂಂ."

"ಅದ್ಕೇ ಹೋತಾ ನನ್ನ ಮಗು? ತಾಯಿ ಬಾಯಿಂದ ಕಸ್ಕಂಡೆ ಅಂತ, ಅವ್ಳು ನನ್ನ ಮಡಿಲಿಂದ ಕಸ್ಕಂಡ್ಳಾ?"

ಮಾಸ್ತಮ್ಮ ಎತ್ತಿದ ತುತ್ತನ್ನು ಎಲೆಗೆ ಇಳಿಸಿದಳು. ಸುಮ್ಮನಿರಬಹುದಿತ್ತು. ದೇವರ ಇಚ್ಛೆ, ಹಣೆಬರಹ ಎಂದು ಹೇಳಬಹುದಿತ್ತು, ಹೇಳಿ ಎದ್ದು ಬರಬಹುದಿತ್ತು. ಆಗ ಆ ಹುಡುಗಿ ಬದುಕಿರುವಷ್ಟು ಕಾಲ ಆ ಎಡೆಯನ್ನು ಎದೆಯ ಮೇಲೆ ಹೊತ್ತುಕೊಂಡೇ ಇರುತ್ತಿದ್ದಳು. ಹೊರುವುದು ಎಂಥದು ಎಂದು ಮಾಸ್ತಮ್ಮನಿಗೆ ಗೊತ್ತಿತ್ತು.

"ಅಲ್ಲ ಮಗಾ. ಭೂಮ್ತಾಯಿ ಎಂತ ಮಾಡ್ಲಿಲ್ಲ. ನಿಂಗೆ ಅನ್ನ ಸಾಲ್ಲಿಲ್ಲ. ನೀನು ತಿಂದಿದ್ದು ತಪ್ಪಲ್ಲ, ನಾವು ಹಾಕ್ದೆ ಇದ್ದಿದ್ದು. ಬೇರೆಯವ್ರಿಗೆ ಹಚ್ಚಬೇಡಿ ಅಂತ ಡಾಕ್ಟ್ರು ನಂಗೇ ಹೇಳಿದ್ರು. ಗೊತ್ತಿದ್ದೂ ನಿನ್ನ ಹಸಿವಲ್ಲಿ ಇಟ್ಟೆ. ತಿಳಿ ಕೇಳ್ದಾಗ ದನಕ್ಕೆ ಹಾಕ್ದೆ."

ಹೇಳಿ ಮುಗಿಸಿದ ಮೇಲೆ ತಲೆ ಎತ್ತಿದಳು. ಅಡುಗೆಮನೆಯ ಬಾಗಿಲಲ್ಲಿ ಕೆರಿಯಮ್ಮ ಅನ್ನದ ಪಾತ್ರೆ ಹಿಡಿದು ನಿಂತಿದ್ದಳು. ಡಾಕ್ಟರ ಲೆಕ್ಕ ಎಂದು ಇಷ್ಟು ದಿನ ನಂಬಿದ್ದ ಮುಖ. ಅದು ನಿಧಾನಕ್ಕೆ ಕಲ್ಲಾಗುವುದನ್ನು ಮಾಸ್ತಮ್ಮ ಕಂಡಳು. ಬೈಯಲಿ ಎಂದು ಕಾದಳು. ಎಲೆ ಎಳೆದು ಅಂಗಳಕ್ಕೆ ಎಸೆಯಲಿ ಎಂದು ಕಾದಳು.

ಕೆರಿಯಮ್ಮ ಹತ್ತಿರ ಬಂದು ಕೂತು, ಎಲೆಗೆ ಒಂದು ಸೌಟು ಅನ್ನ ಹಾಕಿದಳು.

"ಉಣ್ಣಿ ಬೀಗ್ತಿ."

ಮಾಸ್ತಮ್ಮ ಉಂಡಳು. ಮತ್ತೊಂದು ಸೌಟು ಬಿತ್ತು.

"ಉಣ್ಣಿ. ದೂರದಿಂದ ಬಂದೀರಿ."

ಅದನ್ನೂ ಉಂಡಳು. ಸಾರು ಬಂತು, ಅದರ ಮೇಲೆ ಅನ್ನ, ಅನ್ನದ ಮೇಲೆ ತುಪ್ಪ. ಬಾಣಂತಿಗೆಂದು ಕಾಸಿಟ್ಟಿದ್ದ ತುಪ್ಪ ಇರಬೇಕು, ಕೆರಿಯಮ್ಮ ಗಿಂಡಿಯನ್ನೇ ಬಗ್ಗಿಸಿದಳು.

"ಸಾಕು ಕೆರಿಯಮ್ಮ."

"ಸಾಕು ಅನ್ನ ಮಾತು ನಿಮ್ಮನೇಲಿ. ನಮ್ಮನೇಲಿ ಯಾರ ಎಲೆನೂ ನಾವು ಅಳೆಯದಿಲ್ಲ."

"ಅವ್ವಾ, ಬಿಡು" ಎಂದಳು ಹುಲಿಗೆಮ್ಮ ಚಾಪೆಯಿಂದ. ತಾಯಿ ಅವಳ ಕಡೆ ನೋಡಲಿಲ್ಲ. ಕೆನ್ನೆಯ ಮೇಲೆ ನೀರು ಇಳಿಯುತ್ತಿದ್ದರೂ ಕೈ ಮಾತ್ರ ಬಡಿಸುತ್ತಲೇ ಇತ್ತು. ಪಾತ್ರೆಯಲ್ಲಿದ್ದದ್ದು ಎಲೆಗೆ ಬಂತು, ಎಲೆಯಲ್ಲಿದ್ದದ್ದು ಮಾಸ್ತಮ್ಮನ ಬಾಯಿಗೆ ಹೋಯಿತು. ನೀರು ಕುಡಿದು ಕುಡಿದು ಇಳಿಸಿದಳು. ಸೊಂಟದ ಸೀರೆ ಬಿಗಿಯಿತು.

ಸಾಕಾದವರು ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಯಾರೂ ಬಡಿಸುವುದಿಲ್ಲ. ಶತ್ರುವಿನ ಮನೆಯಲ್ಲೂ ಆ ಕೈಗೆ ಮರ್ಯಾದೆ ಉಂಟು. ಮಾಸ್ತಮ್ಮ ಎಡಗೈಯನ್ನು ಮಂಡಿಯ ಕೆಳಗೆ ಒತ್ತಿ ಇಟ್ಟುಕೊಂಡು ಮುಂದಿನ ತುತ್ತು ಕಲಸಿದಳು. ಕೆರಿಯಮ್ಮ ಖಾಲಿ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಇನ್ನೊಂದು ಸಲಕ್ಕೆ ಅಕ್ಕಿ ತೊಳೆಯುವ ಸದ್ದು ಕೇಳಿಸಿತು.